ತಗಡಿನ ಟ್ರೇ ಮೇಲೊಂದು ಊರು

ಸ್ಕಾಟ್ಲೆಂಡಿನ ಫೋರ್ತ್ ನದಿ ದಂಡೆಯ ಅಲೋವಾ ಪುಟ್ಟ ಊರು. ಆದರೂ ಬಿಯರ್ ಮಟ್ಟಿಗೆ ಎಡಿನ್‌ಬರೋದ ಜೊತೆಗೇ ಹೆಸರು ಹೇಳುವ ಕಾಲವೊಂದಿತ್ತು. ಬಾವಿ ನೀರು, ಬಾರ್ಲಿ, ಕಲ್ಲಿದ್ದಲು ಮೂರೂ ಹತ್ತಿರ, ಸಾಗಿಸಲು ಬಂದರು. ಜೇಮ್ಸ್ ಮೆಕ್ಲೇ 1830ರಲ್ಲಿ ಇಲ್ಲಿ ಬಿಯರ್ ತಯಾರಿಕೆ ಆರಂಭಿಸಿದ. ಮುಂದೆ ಕಟ್ಟಿದ ಕಾರ್ಖಾನೆಗೆ ಇಟ್ಟ ಹೆಸರು ಥಿಸಲ್. ಅದು ಸ್ಕಾಟ್ಲೆಂಡಿನ ಲಾಂಛನವಾದ ಮುಳ್ಳುಗಿಡದ ಹೂವು. ಮೆಕ್ಲೇಗಳ ಬಳಿಕ ಫ್ರೇಸರ್ ಮನೆತನ ಅದನ್ನು ನಡೆಸಿತು. 1999ರಲ್ಲಿ ಅಲ್ಲಿ ಒಲೆ ಆರಿತು.

ಉಳಿದದ್ದು ಟ್ರೇಗಳು. ಪಬ್ಬುಗಳಲ್ಲಿ ಗ್ಲಾಸು ಹೊರಲು ಬಿಯರ್ ಕಂಪನಿಗಳು ಕೊಡುತ್ತಿದ್ದ ಜಾಹೀರಾತು ಇವು. ಚೆಲ್ಲಿದ್ದನ್ನು ತಡೆಯಲು ಎತ್ತರದ ಅಂಚು, ನಡುವೆ ಬಣ್ಣದಲ್ಲಿ ಕಂಪನಿಯ ಹೆಸರು, ಊರು. ಮಕ್ಕಳು ಅಂಚೆಚೀಟಿ ಕೂಡಿಟ್ಟಂತೆ ಹವ್ಯಾಸಿಗಳು ಇವನ್ನು ಕೂಡಿಡುತ್ತಾರೆ. ಗೀರು, ತುಕ್ಕು ಇಲ್ಲದ್ದಕ್ಕೇ ಬೆಲೆ ಹೆಚ್ಚು. ವಿಚಿತ್ರವೇ! ಗೀರು ಬಿದ್ದದ್ದಲ್ಲವೇ ನಿಜವಾಗಿ ದುಡಿದ ಟ್ರೇ?