ಐವರು ಹಾಡುಗಾರರು, ಒಂದು ಸುಳ್ಳು ಹೆಸರು

ಹಾಡುವವರಿಗೆ ನಂಬರು ಕೊಟ್ಟು ಸಾಲಾಗಿ ನಿಲ್ಲಿಸುವುದು ಒಂದು ರೀತಿಯ ಹುಚ್ಚಾಟವೇ. ಆದರೆ ಆ ಹುಚ್ಚಾಟ ಆಡದ ಸಂಗೀತಪ್ರಿಯರನ್ನು ನಾನಿನ್ನೂ ಕಂಡಿಲ್ಲ. ಪಿ.ಬಿ.ಎಸ್. ದೊಡ್ಡವರೋ ಎಸ್.ಪಿ.ಬಿ. ದೊಡ್ಡವರೋ ಎಂದು ಹಾಸ್ಟೆಲಿನಲ್ಲಿ ಉಂಡ ಕೈ ಒಣಗುವವರೆಗೆ ಜಗಳವಾಡಿದವರು ನಾವು. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 2023ರ ಜನವರಿ 1ರಂದು ಸಾರ್ವಕಾಲಿಕ ಶ್ರೇಷ್ಠ 200 ಹಾಡುಗಾರರ ಪಟ್ಟಿ ಹೊರತಂದಾಗ ನಮ್ಮ ಕಡೆಯವರು ಮೊದಲು ಹುಡುಕಿದ್ದು 84ನೇ ಸ್ಥಾನದಲ್ಲಿದ್ದ ಲತಾ ಮಂಗೇಶ್ಕರ್ ಅವರನ್ನು. ಅಷ್ಟು ಕೆಳಗೆ ಯಾಕೆ ಎಂದು ಕೆಲವರಿಗೆ ಸಿಟ್ಟು, ಅಂತೂ ಸೇರಿಸಿದರಲ್ಲ ಎಂದು ಕೆಲವರಿಗೆ ಸಮಾಧಾನ. ನನ್ನ ಕಣ್ಣು ಹೋದದ್ದು ಮೇಲಿನ ಹತ್ತರ ಕಡೆಗೆ. ಅರೀಥಾ ಫ್ರಾಂಕ್ಲಿನ್ ಮೊದಲು, ಸ್ಯಾಮ್ ಕುಕ್ ಮೂರು, ರೇ ಚಾರ್ಲ್ಸ್ ಆರು, ಓಟಿಸ್ ರೆಡ್ಡಿಂಗ್ ಒಂಬತ್ತು, ಅಲ್ ಗ್ರೀನ್ ಹತ್ತು. ಹತ್ತರಲ್ಲಿ ಅರ್ಧಕ್ಕರ್ಧ ಒಂದೇ ಮನೆತನದವರು. ಅದು ಸೋಲ್ ಸಂಗೀತದ ಮನೆತನ.

ಸೋಲ್ ಎಂದರೆ ಇಂಗ್ಲಿಷಿನಲ್ಲಿ ಆತ್ಮ. ಕನ್ನಡದ ಕಿವಿಗೆ ಅದು ಸೋಲು ಎಂದು ಬೀಳುತ್ತದೆ. ಈ ಹಾಡುಗಳನ್ನು ಕೇಳಿದವರಿಗೆ ಎರಡೂ ಒಪ್ಪಿಗೆಯಾಗುತ್ತವೆ. ಅಮೆರಿಕದ ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರ ಬೆಳಿಗ್ಗೆ ದೇವರಿಗಾಗಿ ಹಾಡುತ್ತಿದ್ದ ಗಾಸ್ಪೆಲ್, 1950ರ ದಶಕದಲ್ಲಿ ಹೊಸ್ತಿಲು ದಾಟಿ ಶನಿವಾರ ರಾತ್ರಿಯ ಕುಣಿತದ ಜಾಗಕ್ಕೆ ಬಂತು. ರೇ ಚಾರ್ಲ್ಸ್ 1954ರಲ್ಲಿ ಒಂದು ಗಾಸ್ಪೆಲ್ ಹಾಡಿನ ಧಾಟಿಯನ್ನೇ ಎತ್ತಿಕೊಂಡು, ಏಸುವಿದ್ದ ಜಾಗದಲ್ಲಿ ಒಬ್ಬ ಹೆಣ್ಣನ್ನು ಕೂರಿಸಿ ಹಾಡಿದ. ದಾಸರ ಪದದ ಮಟ್ಟಿಗೆ ಯಾರೋ ಪ್ರೇಮಗೀತೆ ಹೊಂದಿಸಿದರೆ ನಮ್ಮ ಹಿರಿಯರು ಹೇಗೆ ಹೌಹಾರುತ್ತಿದ್ದರೋ ಅಲ್ಲಿಯ ಹಿರಿಯರೂ ಹಾಗೇ ಹೌಹಾರಿದರು. ಆದರೆ ಪದ ಬದಲಾದರೂ ಹಾಡುವ ರೀತಿ ಚರ್ಚಿನದೇ ಉಳಿಯಿತು. ಒಂದೇ ಅಕ್ಷರವನ್ನು ನಾಲ್ಕಾರು ಸ್ವರಗಳ ಮೇಲೆ ಎಳೆದಾಡಿಸುವುದು, ಹಾಡುಗಾರ ಒಂದು ಮಾತು ಎಸೆದರೆ ಹಿಂದಿನವರು ಅದನ್ನು ಹಿಡಿದು ಮರಳಿಸುವುದು, ಮಾತು ಸಾಲದಾದಾಗ ನರಳಿಕೆಗೆ ಇಳಿಯುವುದು. ಭಜನೆಯ ಮನೆಯಲ್ಲಿ ಬೆಳೆದವರಿಗೆ ಇದರ ಅರ್ಧ ಭಾಗ ಹೇಳಿಕೊಡಬೇಕಾಗಿಲ್ಲ.

ನನಗೆ ಈ ಸಂಗೀತ ಸಿಕ್ಕಿದ್ದು ಸಂಗೀತದ ದಾರಿಯಿಂದಲ್ಲ. ಇಪ್ಪತ್ತು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಕಾಲ್ ಸೆಂಟರಿನಲ್ಲಿ ನನಗೆ ರಾತ್ರಿ ಪಾಳಿ. ಅಮೆರಿಕದವರ ಫೋನ್ ಬಿಲ್ಲಿನ ತಕರಾರು ಕೇಳುವ ಕೆಲಸ. ಮೊದಲ ವಾರವೇ ನನಗೊಂದು ಹೆಸರು ಕೊಟ್ಟರು: ಪೀಟರ್. ಆಮೇಲೆ ಒಂದು ದನಿ ಕೊಟ್ಟರು. ನಮ್ಮೂರಿನ ‘ಳ’, ‘ಣ’ಗಳನ್ನು ನಾಲಿಗೆಯಿಂದ ಇಳಿಸಿ, ಮಾತಿನಲ್ಲಿ ನಗು ಕೇಳಿಸುವಂತೆ ಮಾಡುವುದೇ ತರಬೇತಿ. ಜಾರ್ಜಿಯಾ, ಅಲಬಾಮಾ, ಟೆನೆಸ್ಸೀ ಕಡೆಯವರ ಎಳೆದೆಳೆದು ಆಡುವ ಇಂಗ್ಲಿಷು ನಮಗೆ ಹಿಡಿಯುತ್ತಿರಲಿಲ್ಲ. ಕಿವಿ ಪಳಗಲೆಂದು ನಮ್ಮ ಟ್ರೈನರ್ ಒಂದು ಸಿ.ಡಿ. ಹಾಕಿದರು. ಅದರಲ್ಲಿ ಹಾಡುತ್ತಿದ್ದವನು ಜಾರ್ಜಿಯಾದ ಓಟಿಸ್ ರೆಡ್ಡಿಂಗ್. ಒಂದು ಪದವೂ ನನಗೆ ಸರಿಯಾಗಿ ತಿಳಿಯಲಿಲ್ಲ. ಆದರೆ ಆ ಮನುಷ್ಯ ಯಾರಿಂದಲೂ ದನಿಯನ್ನು ಎರವಲು ತಂದಿಲ್ಲ ಎನ್ನುವುದು ಮಾತ್ರ ತಿಳಿಯಿತು. ಅಂದಿನಿಂದ ಹಾಡುಗಾರರನ್ನು ನಾನು ಅಳೆಯುವುದು ಆ ಒಂದೇ ಕೋಲಿನಿಂದ. ಎಷ್ಟು ಎತ್ತರಕ್ಕೆ ಏರುತ್ತಾರೆ, ಎಷ್ಟು ಹೊತ್ತು ಉಸಿರು ಹಿಡಿಯುತ್ತಾರೆ ಎಂದು ನೋಡುವುದಿಲ್ಲ. ಹೆಸರು, ವೇಷ, ಮಾರುಕಟ್ಟೆ ಎಲ್ಲ ಬದಲಾದ ಮೇಲೂ ದನಿಯಲ್ಲಿ ಅವರದೇ ಆದದ್ದು ಎಷ್ಟು ಉಳಿದಿದೆ ಎಂದು ಕೇಳಿಕೊಳ್ಳುತ್ತೇನೆ.

ಐದನೆಯ ಸ್ಥಾನ ಅಲ್ ಗ್ರೀನ್‌ಗೆ. ಮೆಂಫಿಸ್ ನಗರದಲ್ಲಿ ಹಳೆಯ ಸಿನಿಮಾ ಥಿಯೇಟರೊಂದನ್ನು ರಾಯಲ್ ಸ್ಟುಡಿಯೊ ಮಾಡಿಕೊಂಡಿದ್ದರು. ಅಲ್ಲಿ ವಿಲ್ಲಿ ಮಿಚೆಲ್ ಎಂಬ ನಿರ್ಮಾಪಕ ಈತನಿಗೆ ಪದೇ ಪದೇ ಹೇಳಿದ ಮಾತು, ಮೆಲ್ಲಗೆ ಹಾಡು ಎಂದು. ಅಲ್ ಗ್ರೀನ್‌ಗೆ ತಾನು ಗಂಡಸಿನ ಹಾಗೆ ಗಟ್ಟಿಯಾಗಿ ಹಾಡಬೇಕೆಂಬ ಆಸೆ. ಕೊನೆಗೆ ಮೆಲ್ಲಗೆ ಹಾಡಿದ. 1972ರ ಫೆಬ್ರುವರಿಯಲ್ಲಿ ‘ಲೆಟ್ಸ್ ಸ್ಟೇ ಟುಗೆದರ್’ ಅಮೆರಿಕದ ಮೊದಲ ಸ್ಥಾನಕ್ಕೇರಿತು. ಎದೆಯ ದನಿಯಿಂದ ತಲೆಯ ದನಿಗೆ ಜಾರುವ ಕಡೆ ಆತ ಸ್ವಲ್ಪ ತಡವರಿಸುತ್ತಾನೆ. ಮಗು ಮಲಗಿರುವ ಕೋಣೆಯಲ್ಲಿ ಗಂಡಹೆಂಡಿರು ಪಿಸುಗುಡುವಾಗ ಇರುತ್ತದಲ್ಲ, ಅಂಥ ದನಿ. 1976ರಲ್ಲಿ ಮೆಂಫಿಸ್‌ನಲ್ಲೇ ಒಂದು ಚರ್ಚು ಕಟ್ಟಿಕೊಂಡು ಪಾದ್ರಿಯಾದ. ಚರ್ಚಿನಿಂದ ಪೇಟೆಗೆ ಬಂದ ದನಿ ಮತ್ತೆ ಚರ್ಚಿಗೆ ನಡೆಯಿತು. ನಡುವೆ ದನಿಯೇನೂ ಬೇರೆಯಾಗಲಿಲ್ಲ.

ನಾಲ್ಕನೆಯವನು ಓಟಿಸ್. ಮೊದಲು ಕೇಳಿದವನನ್ನು ನಾಲ್ಕಕ್ಕೆ ಇಳಿಸಿದ್ದೇಕೆ ಎಂದು ಕೇಳಬಹುದು. ಮೇಲಿನ ಮೂವರು ಅಂಥವರು, ಅಷ್ಟೇ. ಮೆಂಫಿಸ್‌ನ ಇನ್ನೊಂದು ಹಳೆಯ ಥಿಯೇಟರಿನಲ್ಲಿ ಸ್ಟ್ಯಾಕ್ಸ್ ಕಂಪನಿಯ ಸ್ಟುಡಿಯೊ ಇತ್ತು. 1962ರಲ್ಲಿ ಓಟಿಸ್ ಅಲ್ಲಿಗೆ ಹೋದದ್ದು ಬೇರೆ ಕಲಾವಿದನನ್ನು ಕಾರಿನಲ್ಲಿ ಕರೆದುಕೊಂಡು. ಉಳಿದ ಸಮಯದಲ್ಲಿ ತಾನೂ ಹಾಡಿದ. ‘ಟ್ರೈ ಎ ಲಿಟಲ್ ಟೆಂಡರ್‌ನೆಸ್’ 1932ರ ಹಾಡು, ನಯವಾಗಿ ಹಾಡುವವರ ಸೊತ್ತು. ಓಟಿಸ್ 1966ರಲ್ಲಿ ಅದನ್ನು ಬಹಳ ನಿಧಾನವಾಗಿ ಎತ್ತಿಕೊಳ್ಳುತ್ತಾನೆ. ಡ್ರಮ್ಮಿನ ಅಂಚಿನ ಮೇಲೆ ಅಲ್ ಜಾಕ್ಸನ್ ಗಡಿಯಾರದಂತೆ ಟಿಕ್ ಟಿಕ್ ಎನ್ನಿಸುತ್ತಾನೆ. ಲಯ ಬಿಗಿಯುತ್ತದೆ, ಕಡೆಗೆ ಮಾತೆಲ್ಲ ಚೂರಾಗಿ ಬರೀ ತೊದಲು ಉಳಿಯುತ್ತದೆ. ಹೆಂಡತಿಯನ್ನು ಮೃದುವಾಗಿ ನೋಡಿಕೊ ಎಂದು ಹೇಳಹೊರಟವನಿಗೆ ಆ ಮೃದುತ್ವವೇ ತಡೆಯಲಾಗದೆ ಹೋಗುವ ಹಾಗೆ. 1967ರಲ್ಲಿ ಗಂಟಲಿಗೆ ಶಸ್ತ್ರಚಿಕಿತ್ಸೆಯಾಯಿತು, ಕೆಲ ವಾರ ಮಾತೇ ಆಡಲಿಲ್ಲ. ಅದಾದ ಮೇಲೆ ಹಾಡಿದ ‘ಡಾಕ್ ಆಫ್ ದ ಬೇ’ಯಲ್ಲಿ ಅರಚಾಟವಿಲ್ಲ, ಕಡಲ ದಂಡೆಯಲ್ಲಿ ಕೂತು ಸುಮ್ಮನೆ ಮಾತಾಡಿದಂತಿದೆ. ಕೊನೆಯಲ್ಲಿ ಒಂದು ಸಿಳ್ಳೆ. ಡಿಸೆಂಬರ್ 10ರಂದು ಆತನ ವಿಮಾನ ವಿಸ್ಕಾನ್ಸಿನ್‌ನ ಮೊನೋನಾ ಸರೋವರಕ್ಕೆ ಬಿತ್ತು. ವಯಸ್ಸು 26. ಮುಂದಿನ ತಿಂಗಳು ಹಾಡು ಬಿಡುಗಡೆಯಾಯಿತು.

ಮೂರನೆಯವನು ಸ್ಯಾಮ್ ಕುಕ್. ಈತನ ಕತೆ ನನಗೆ ಮೈಗೆ ಹತ್ತಿದ್ದು. ‘ಸೋಲ್ ಸ್ಟಿರರ್ಸ್’ ಎಂಬ ಗಾಸ್ಪೆಲ್ ತಂಡದಲ್ಲಿ ಹಾಡಿ ಹೆಸರಾದವನು. ಪೇಟೆಯ ಹಾಡು ಹಾಡಿದರೆ ಚರ್ಚಿನ ಜನ ಬಿಟ್ಟಾರು ಎಂಬ ಅಂಜಿಕೆಯಿಂದ 1956ರಲ್ಲಿ ಮೊದಲ ಪ್ರೇಮಗೀತೆಯನ್ನು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹಾಡಿದ. ಹೆಸರು ಯಾರನ್ನೂ ಮೋಸ ಮಾಡಲಿಲ್ಲ. ಕೇಳಿದವರಿಗೆ ಇದು ನಮ್ಮ ಸ್ಯಾಮ್ ಎಂದು ಗೊತ್ತಾಗಿಹೋಯಿತು.

ನನ್ನ ವಿಷಯದಲ್ಲಿ ಹಾಗಾಗಲಿಲ್ಲ. ಕೆಲಸಕ್ಕೆ ಸೇರಿ ವರ್ಷವಾಗಿತ್ತು. ಪಾಳಿ ಮುಗಿಸಿ ಬಂದು ಮಲಗಿದ್ದ ಒಂದು ಭಾನುವಾರ ಹಾಸನದ ಕಡೆಯ ನಮ್ಮೂರಿನಿಂದ ಫೋನು ಬಂತು. ನಿದ್ದೆಗಣ್ಣಿನಲ್ಲಿ ‘ಹಲೋ’ ಎಂದೆ, ಇಂಗ್ಲಿಷಿನಲ್ಲಿ ಇನ್ನೂ ಏನೋ ಎರಡು ಮಾತು ಬಾಯಿಗೆ ಬಂತು. ಆ ಕಡೆ ಅವ್ವ ಒಂದು ಗಳಿಗೆ ತಡೆದು, “ಯಾರಪ್ಪಾ ಮಾತಾಡೋದು? ನಮ್ಮ ಹುಡುಗ ಇದ್ರೆ ವಸಿ ಕೊಡಪ್ಪಾ” ಎಂದಳು. “ನಾನೇ ಕಣವ್ವ” ಎಂದೆ. “ಅಯ್ಯೋ, ನೀನಾ? ಯಾಕ್ ಮಗಾ, ಗಂಟಲು ಹಿಂಗಾಗದೆ?” ಥಂಡಿ ಎಂದು ಹೇಳಿದೆ. ಅವಳು ಮೆಣಸಿನ ಕಷಾಯ ಕುಡಿಯಲು ಹೇಳಿದಳು. ನಾನು ಕುಡಿದೆ ಕೂಡ.

ಆಮೇಲೆ ಸ್ಯಾಮ್ ಕುಕ್‌ನ ಎರಡು ಕಛೇರಿಗಳ ಧ್ವನಿಮುದ್ರಣ ಕೈಗೆ ಸಿಕ್ಕಿತು. ಒಂದು 1964ರಲ್ಲಿ ನ್ಯೂಯಾರ್ಕಿನ ಕೋಪಾಕಬಾನಾದಲ್ಲಿ, ಉಳ್ಳ ಬಿಳಿಯರು ಊಟ ಮಾಡುತ್ತ ಕೇಳುವ ಜಾಗದಲ್ಲಿ ಹಾಡಿದ್ದು. ಇಸ್ತ್ರಿ ಮಾಡಿದ ದನಿ, ಒಂದು ಸುಕ್ಕೂ ಇಲ್ಲ. ಇನ್ನೊಂದು 1963ರ ಜನವರಿಯಲ್ಲಿ ಮಯಾಮಿಯ ಹಾರ್ಲೆಮ್ ಸ್ಕ್ವೇರ್ ಕ್ಲಬ್ಬಿನಲ್ಲಿ, ತನ್ನ ಜನರ ನಡುವೆ. ಅಲ್ಲಿ ಗಂಟಲು ಗೀರುತ್ತದೆ, ಆತ ಕೂಗುತ್ತಾನೆ, ಜನರೂ ಕೂಗುತ್ತಾರೆ. ಬಹಳ ಒರಟಾಯಿತು ಎಂದು ರೆಕಾರ್ಡ್ ಕಂಪನಿ ಇದನ್ನು ಒಳಗಿಟ್ಟಿತು. ಹೊರಬಂದದ್ದು 1985ರಲ್ಲಿ, ಆತ ಸತ್ತು ಇಪ್ಪತ್ತು ವರ್ಷದ ಮೇಲೆ. ಎರಡನ್ನೂ ಒಂದರ ಹಿಂದೊಂದು ಕೇಳಿದಾಗ ನನಗೆ ಪೀಟರ್‌ನ ನೆನಪಾಯಿತು. ಹೊಟ್ಟೆಪಾಡಿಗಾಗಿ ದನಿಯನ್ನು ಮಡಿಸಿಡುವುದು ನಾನೊಬ್ಬನೇ ಕಂಡ ಸಂಗತಿಯಲ್ಲ ಎಂದು ತಿಳಿದದ್ದೇ ಒಂದು ಧೈರ್ಯ. 1963ರ ಅಕ್ಟೋಬರಿನಲ್ಲಿ ಲೂಸಿಯಾನಾದ ಶ್ರೀವ್‌ಪೋರ್ಟ್‌ನಲ್ಲಿ ಈತನಿಗೆ ಕಪ್ಪು ಮೈಬಣ್ಣದ ಕಾರಣಕ್ಕೆ ಹೋಟೆಲಿನಲ್ಲಿ ರೂಮು ಕೊಡಲಿಲ್ಲ, ಪ್ರತಿಭಟಿಸಿದ್ದಕ್ಕೆ ಬಂಧಿಸಿದರು. ನಾಲ್ಕು ತಿಂಗಳೊಳಗೆ ‘ಎ ಚೇಂಜ್ ಈಸ್ ಗೊನ್ನಾ ಕಮ್’ ಹಾಡಿದ. ಅದರಲ್ಲಿ ಹಿನ್ನೆಲೆಯ ಪಿಟೀಲುಗಳೆಲ್ಲ ಕೋಪಾಕಬಾನಾದವು, ಮುಂದಿನ ದನಿ ಚರ್ಚಿನದು. ಎರಡು ದನಿಗಳು ಒಂದಾದ ಹಾಡು ಅದೊಂದೇ. 1964ರ ಡಿಸೆಂಬರಿನಲ್ಲಿ ಗುಂಡೇಟಿಗೆ ಸತ್ತ. ವಯಸ್ಸು 33.

ಎರಡನೆಯ ಸ್ಥಾನ ಅರೀಥಾಗೆ. ಅಮೆರಿಕದ ಪಟ್ಟಿಗಳೆಲ್ಲ ಮೊದಲಿಗೆ ಇಡುವ ಆಕೆಯನ್ನು ಎರಡಕ್ಕಿಳಿಸುವುದು ಉದ್ಧಟತನ, ಒಪ್ಪಿದೆ. ಡೆಟ್ರಾಯಿಟ್‌ನ ಹೆಸರಾಂತ ಪಾದ್ರಿ ಸಿ.ಎಲ್. ಫ್ರಾಂಕ್ಲಿನ್ ಅವರ ಮಗಳು. ಕೊಲಂಬಿಯಾ ಕಂಪನಿ ಆರು ವರ್ಷ ಇಟ್ಟುಕೊಂಡು ಹಳೆಯ ಜನಪ್ರಿಯ ಗೀತೆ, ಜಾಜ್ ಎಂದು ಹಾಡಿಸಿತು. ಹಾಡುಗಳು ಚೆನ್ನಾಗಿಯೇ ಇವೆ, ಆದರೆ ಬೇರೆಯವರ ಮನೆಗೆ ನೆಂಟಳಾಗಿ ಹೋದಂತಿದೆ. 1967ರ ಜನವರಿಯಲ್ಲಿ ಅಟ್ಲಾಂಟಿಕ್ ಕಂಪನಿಯವರು ಅಲಬಾಮಾದ ಮಸಲ್ ಶೋಲ್ಸ್ ಊರಿಗೆ ಕರೆದೊಯ್ದು ಆಕೆಯನ್ನೇ ಪಿಯಾನೋ ಮುಂದೆ ಕೂರಿಸಿದರು. ಸ್ವಂತ ಕೈ ಸ್ವಂತ ದನಿಗೆ ದಾರಿ ತೋರಿಸಿತು. ಮರುತಿಂಗಳೇ ‘ರೆಸ್ಪೆಕ್ಟ್’. ಅದು 1965ರಲ್ಲಿ ಓಟಿಸ್ ಬರೆದು ಹಾಡಿದ್ದು. ದುಡಿದು ಮನೆಗೆ ಬಂದ ಗಂಡ ಮರ್ಯಾದೆ ಕೇಳುವ ಹಾಡು. ಅರೀಥಾ ಅದನ್ನು ಹೆಂಗಸಿನ ಬಾಯಿಗೆ ತಂದಳು, ಮರ್ಯಾದೆ ಎಂಬ ಪದದ ಅಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೇಳಿದಳು. ಹಿಂದೆ ದನಿಗೂಡಿಸಿದವರು ತಂಗಿ ಕ್ಯಾರೊಲಿನ್, ಅಕ್ಕ ಎರ್ಮಾ. ಗಂಡಸಿನ ಅಹವಾಲು ಹೆಂಗಸರ ಹಕ್ಕಾಯಿತು.

1972ರ ಜನವರಿಯಲ್ಲಿ, ಪ್ರಸಿದ್ಧಿಯ ತುದಿಯಲ್ಲಿದ್ದಾಗ, ಆಕೆ ಲಾಸ್ ಏಂಜಲೀಸಿನ ಒಂದು ಚರ್ಚಿನಲ್ಲಿ ಎರಡು ರಾತ್ರಿ ಹಾಡಿದಳು. ಚಿತ್ರೀಕರಣವೂ ಆಯಿತು. ಆದರೆ ದೃಶ್ಯಕ್ಕೂ ದನಿಗೂ ಹೊಂದಾಣಿಕೆಯಾಗದೆ ಡಬ್ಬಿಯಲ್ಲೇ ಉಳಿದು, ಆಕೆ ತೀರಿಕೊಂಡ 2018ರಲ್ಲಿ ತೆರೆಗೆ ಬಂತು. ಅದರಲ್ಲಿ ಆಕೆ ಮಾತಾಡುವುದೇ ಇಲ್ಲ ಎನ್ನಬಹುದು. ಮುಖದಿಂದ ಬೆವರು ಸುರಿಯುತ್ತಿರುತ್ತದೆ. ಒಂದು ಕಡೆ ಪಿಯಾನೋ ಮುಂದೆ ಕೂತ ಮಗಳ ಮುಖವನ್ನು ತಂದೆ ಎದ್ದು ಬಂದು ಬಟ್ಟೆಯಿಂದ ಒರೆಸುತ್ತಾರೆ. ಆಕೆ ಹಾಡುವುದನ್ನು ನಿಲ್ಲಿಸುವುದಿಲ್ಲ. ಚರ್ಚಿನಲ್ಲೂ ಪೇಟೆಯಲ್ಲೂ ಆ ಕೊರಳು ಒಂದೇ. ಅದಕ್ಕೆ ವೇಷ ಹಾಕಿಸಲು ಹೋದವರೇ ಸೋತರು.

ಮಾರ್ವಿನ್ ಗೇ ಎಲ್ಲಿ, ಎಟಾ ಜೇಮ್ಸ್ ಎಲ್ಲಿ, ಗ್ಲಾಡಿಸ್ ನೈಟ್ ಎಲ್ಲಿ, ಡಾನಿ ಹಾಥವೇ ಎಲ್ಲಿ ಎಂದು ಬಲ್ಲವರು ಬೈಯಬಹುದು. ಐದೇ ಎಂದು ಹಟ ಹಿಡಿದವರಿಗೆ ಬೈಗುಳವೂ ಸಂದಾಯವಾಗಬೇಕಾದ್ದೇ.

ಮೊದಲನೆಯ ಸ್ಥಾನ ಬಿಲ್ ವಿದರ್ಸ್‌ಗೆ. ಗಮಕದಂಥ ಎಳೆತಗಳಿಲ್ಲ, ಏರು ಶ್ರುತಿಯಿಲ್ಲ. ವೆಸ್ಟ್ ವರ್ಜೀನಿಯಾದ ಸ್ಲ್ಯಾಬ್ ಫೋರ್ಕ್ ಎಂಬ ಕಲ್ಲಿದ್ದಲ ಗಣಿಯ ಊರಿನಲ್ಲಿ 1938ರಲ್ಲಿ ಹುಟ್ಟಿದವನು. 28ರ ವಯಸ್ಸಿನವರೆಗೂ ಉಗ್ಗು ಬಿಡಲಿಲ್ಲ. ಒಂಬತ್ತು ವರ್ಷ ನೌಕಾಪಡೆ, ಆಮೇಲೆ ವಿಮಾನಗಳಿಗೆ ಪಾಯಿಖಾನೆ ತಯಾರಿಸುವ ಕಾರ್ಖಾನೆ. 1971ರಲ್ಲಿ, 32 ತುಂಬಿದ ಮೇಲೆ ಬಂದ ಮೊದಲ ಆಲ್ಬಮ್ಮಿನ ಮುಖಪುಟದಲ್ಲಿ ಊಟದ ಡಬ್ಬಿ ಹಿಡಿದು ಕಾರ್ಖಾನೆಯ ಹತ್ತಿರ ನಿಂತಿದ್ದಾನೆ. ಹಾಡು ಕೈಹಿಡಿಯುತ್ತದೆಂಬ ನಂಬಿಕೆಯಿಲ್ಲದೆ ಕೆಲಸ ಬಿಟ್ಟಿರಲಿಲ್ಲ. ‘ಏಂಟ್ ನೋ ಸನ್‌ಶೈನ್’ನಲ್ಲಿ ಒಂದು ಚರಣ ಬರೆಯುವುದು ಬಾಕಿಯಿತ್ತು. ಆ ಜಾಗ ತುಂಬಲೆಂದು ಎರಡೇ ಶಬ್ದಗಳನ್ನು 26 ಸಲ ಹೇಳಿದ. ಹಾಗೇ ಇರಲಿ ಬಿಡು ಎಂದರು ಜೊತೆಯಲ್ಲಿ ನುಡಿಸುತ್ತಿದ್ದವರು. ಉಗ್ಗುವವನೊಬ್ಬ ಒಂದೇ ಮಾತಿನಲ್ಲಿ ಸಿಕ್ಕಿಕೊಂಡು ಒದ್ದಾಡಿ ಹೊರಬರುವುದು ಹೇಗಿರುತ್ತದೆಂದು ನಮ್ಮೂರಿನ ಶಾಲೆಯಲ್ಲಿ ಕಂಡವನಿಗೆ ಆ ಭಾಗ ಬರೀ ಹಾಡಾಗಿ ಕೇಳಿಸುವುದಿಲ್ಲ.

ಮುಂದೆ ಕಂಪನಿಯವರು ಏನು ಹಾಡಬೇಕು, ಹೇಗೆ ಹಾಡಬೇಕು ಎಂದು ಹೇಳಿಕೊಡಲು ಬಂದಾಗ ಬಿಲ್ ವಿದರ್ಸ್ ಒಗ್ಗಲಿಲ್ಲ. 1985ರ ಆಲ್ಬಮ್ಮೇ ಕೊನೆ. 2020ರ ಮಾರ್ಚ್ 30ರಂದು ತೀರಿಕೊಳ್ಳುವವರೆಗೆ, ಮೂವತ್ತೈದು ವರ್ಷ, ಇನ್ನೊಂದು ಆಲ್ಬಮ್ ಮಾಡಲಿಲ್ಲ. ಕೊಟ್ಟ ದನಿಯನ್ನು ತೊಟ್ಟುಕೊಂಡು ಸಂಬಳ ಎಣಿಸಿದ ನನ್ನಂಥವನಿಗೆ ಈ ಮೌನವೂ ಆತನ ಹಾಡುಗಳ ಲೆಕ್ಕಕ್ಕೇ ಸೇರಿದೆ.

1972ರಲ್ಲಿ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಆತನ ಕಛೇರಿಯ ಧ್ವನಿಮುದ್ರಣ ಸಿಗುತ್ತದೆ. ಕೇಳುವುದಾದರೆ ‘ಗ್ರ್ಯಾಂಡ್ಮಾಸ್ ಹ್ಯಾಂಡ್ಸ್’ನಿಂದ ಶುರು ಮಾಡಿ. ಹಾಡಿಗೆ ಮೊದಲು ಬಿಲ್ ತನ್ನ ಅಜ್ಜಿಯ ಬಗ್ಗೆ, ಅವಳ ಚರ್ಚಿನ ಬಗ್ಗೆ ಮಾತಾಡುತ್ತಾನೆ. ಅವಸರವಿಲ್ಲ, ಜಗಲಿಯ ಮೇಲೆ ಕೂತವನ ಮಾತು. ಜನ ನಗುತ್ತಾರೆ. ಹಾಡು ಶುರುವಾದಾಗ ದನಿ ಬದಲಾಯಿತೇ ಎಂದು ಗಮನವಿಟ್ಟು ಕೇಳಿ. ನನಗೆ ಇವತ್ತಿನವರೆಗೂ ಗೊತ್ತಾಗಿಲ್ಲ.