ಅಟ್ಟದ ಮೇಲಿನ ಗಿಳಿಗಳು

ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲಿ ಮಗ್ಗದ ಸದ್ದು ನಿಂತರೇ ಮಕ್ಕಳಿಗೆ ಎಚ್ಚರವಾಗುತ್ತಿತ್ತು. ನನ್ನ ಮದುವೆ ಗೊತ್ತಾದಾಗ ಧಾರೆ ಸೀರೆಯನ್ನು ತಾನೇ ನೇಯುತ್ತೇನೆಂದು ಅಪ್ಪ ಹಟ ಹಿಡಿದರು. ಅಂಚಿಗೆ ಜೋಡಿ ಗಿಳಿ, ನಡುವೆ ಮಾವಿನೆಲೆ. ಗ್ರಾಫ್ ಹಾಳೆಯಲ್ಲಿ ಚೌಕ ಚೌಕವಾಗಿ ಬಣ್ಣ ತುಂಬಿ, ಅದರಂತೆ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಸಿ ಜಕಾರ್ಡಿಗೆ ಏರಿಸಿದರು. ತೂತಿದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಸುಮ್ಮನಿರುತ್ತದೆ. ಗಿಳಿ ಅಷ್ಟರಲ್ಲೇ ಹುಟ್ಟಬೇಕು.

ಮದುವೆಯಾದ ಮೂರು ತಿಂಗಳಿಗೆ ಅದೇ ಗಿಳಿಗಳು ಪೇಟೆಯ ಅಂಗಡಿಯೊಂದರಲ್ಲಿ ನೇತಾಡುತ್ತಿದ್ದವು. ನನಗೆ ಸಿಟ್ಟು ಬಂತು. ಅಪ್ಪ ಮಾತ್ರ, "ಬಿಡಮ್ಮ, ನಾಲ್ಕು ಮಗ್ಗಕ್ಕೆ ಕೆಲಸ ಆಯ್ತಲ್ಲ" ಎಂದರು.

ಬಹಳ ವರ್ಷಗಳ ನಂತರ ವಿಕ್ಟೋರಿಯಾ ರಾಣಿಯ ಮದುವೆಯ ಉಡುಪಿನ ಬಗ್ಗೆ ಓದಿದೆ. 1840ರ ಫೆಬ್ರವರಿ 10ರಂದು ಆಕೆ ತೊಟ್ಟ ಬಿಳಿ ರೇಷ್ಮೆ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ನೇಕಾರರದು. ಮೇಲಿನ ಲೇಸು ಡೆವನ್ ಸೀಮೆಯ ಹೆಂಗಸರ ಕೈಕೆಲಸ. ಯಂತ್ರದ ಲೇಸು ಬಂದು ಅವರ ಅನ್ನಕ್ಕೆ ಕಲ್ಲು ಬಿದ್ದಿತ್ತು. ರಾಣಿ ತೊಟ್ಟರೆ ಕಸುಬು ಉಳಿದೀತೆಂಬ ಆಸೆ. ಇನ್ನೂರಕ್ಕೂ ಹೆಚ್ಚು ಮಂದಿ ತಿಂಗಳುಗಟ್ಟಲೆ ಹೆಣೆದರಂತೆ. ಮುಗಿದ ಮೇಲೆ, ಯಾರೂ ನಕಲು ಮಾಡದಿರಲೆಂದು ವಿನ್ಯಾಸದ ನಕ್ಷೆಗಳನ್ನೇ ನಾಶ ಮಾಡಿದರಂತೆ.

ಅಪ್ಪ ಹಾಗೆ ಮಾಡಲಿಲ್ಲ. ಮುಂದೆ ಸೂರತ್ತಿನ ಸೀರೆಗಳು ಅಗ್ಗಕ್ಕೆ ಬಂದು ಬಿದ್ದವು. ನಮ್ಮ ಮಗ್ಗ ಗುಜರಿಗೆ ಹೋಯಿತು. ಆ ದಿನ ಅಪ್ಪ "ಬಿಡಮ್ಮ" ಎನ್ನಲಿಲ್ಲ. ರಾತ್ರಿ ಸದ್ದಿಲ್ಲದೆ ಮನೆಯಲ್ಲಿ ಯಾರಿಗೂ ನಿದ್ದೆ ಹತ್ತಲಿಲ್ಲ.

ಅಪ್ಪ ಈಗಿಲ್ಲ. ಕಾರ್ಡುಗಳ ಕಟ್ಟು ಅಟ್ಟದ ಮೇಲಿದೆ. ಒಲೆಗೆ ಹಾಕಲು ಮನಸ್ಸು ಬಾರದು. ಯಾರಾದರೂ ನೇಕಾರರು ಕೇಳಿದರೆ ಕೊಟ್ಟುಬಿಡುತ್ತೇನೆ. ನಕಲಾದರೂ ಆಗಲಿ, ನಾಲ್ಕು ಮಗ್ಗ ನಡೆಯಲಿ.