ಹಿಡಿದ ಕೈಯನ್ನು ತುಸು ಸಡಿಲಿಸೋಣ

ಎದ್ದು ನಿಲ್ಲುವುದು ಒಂದು ಅನುಗ್ರಹವೆಂದು ನಾವು ಎಣಿಸುವುದೇ ಇಲ್ಲ. ಫಜ್ರ್‌ನಿಂದ ಇಶಾದವರೆಗೆ ಎಷ್ಟು ಬಾರಿ ನಿಲ್ಲುತ್ತೇವೆ, ಬಾಗುತ್ತೇವೆ, ಹಣೆಯನ್ನು ನೆಲಕ್ಕಿಟ್ಟು ಮತ್ತೆ ಏಳುತ್ತೇವೆ! ಆ ಒಂದೊಂದು ಚಲನೆಯಲ್ಲೂ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳು ದೇಹ ಯಾವ ಕಡೆಗೆ ವಾಲುತ್ತಿದೆಯೆಂದು ಮೆದುಳಿಗೆ ತಿಳಿಸುತ್ತವೆ. ಮೆದುಳು ಕ್ಷಣಾರ್ಧದಲ್ಲಿ ಸೊಂಟ, ಮೊಣಕಾಲು ಮತ್ತು ಪಾದಗಳ ಸ್ನಾಯುಗಳಿಗೆ ಆಜ್ಞೆ ನೀಡುತ್ತದೆ. ಅಲ್ಲಾಹನ ಈ ವ್ಯವಸ್ಥೆಯ ಬೆಲೆಯನ್ನು ನನಗೆ ತಿಳಿಸಿಕೊಟ್ಟವನು ನನ್ನ ಏಳು ವರ್ಷದ ಮಗ.

ಅವನಿಗೆ ಸೆರೆಬ್ರಲ್ ಪಾಲ್ಸಿ ಇದೆ. ಗರ್ಭದಲ್ಲಿ, ಹೆರಿಗೆಯ ವೇಳೆಯಲ್ಲಿ ಅಥವಾ ಶೈಶವದಲ್ಲಿ, ಇನ್ನೂ ಬೆಳೆಯುತ್ತಿರುವ ಮೆದುಳಿಗೆ ಆಗುವ ಹಾನಿಯಿಂದ ಬರುವ ಸ್ಥಿತಿಯಿದು. 1000 ಮಕ್ಕಳಲ್ಲಿ ಸುಮಾರು 2ರಿಂದ 3 ಮಕ್ಕಳಿಗೆ ಇದು ಇರುತ್ತದೆ. ಇದು ಅಂಟುರೋಗವಲ್ಲ, ತಾಯಿಯ ಪಾಪದ ಫಲವೂ ಅಲ್ಲ. ಮೆದುಳಿನ ಹಾನಿ ಹೆಚ್ಚುತ್ತಾ ಹೋಗುವುದಿಲ್ಲ. ಆದರೆ ಮಗು ಬೆಳೆದಂತೆ ಬಿಗಿದ ಸ್ನಾಯುಗಳು ಕೀಲುಗಳನ್ನು ಎಳೆಯುತ್ತವೆ. ಆದ್ದರಿಂದ ‘ದೊಡ್ಡವನಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ’ ಎಂದು ಕೈಕಟ್ಟಿ ಕುಳಿತುಕೊಳ್ಳುವಂತಿಲ್ಲ.

ಇಂತಹ ಮಕ್ಕಳ ಚಲನಶಕ್ತಿಯನ್ನು ಐದು ಹಂತಗಳಾಗಿ ಗುರುತಿಸುವ ಕ್ರಮವೊಂದನ್ನು 1997ರಲ್ಲಿ ಕೆನಡಾದ ತಜ್ಞರು ಪ್ರಕಟಿಸಿದರು. ನನ್ನ ಮಗ ಮೂರನೆಯ ಹಂತದವನು, ವಾಕರ್ ಹಿಡಿದು ನಡೆಯುತ್ತಾನೆ. ದೊಡ್ಡ ಚಲನೆಗಳಲ್ಲಿ ಮಗು ಸಾಧಿಸಬಹುದಾದುದರ ಸುಮಾರು 90% ಐದನೆಯ ವಯಸ್ಸಿನ ಹೊತ್ತಿಗೇ ಬಂದುಬಿಟ್ಟಿರುತ್ತದೆ ಎಂದು ನಮ್ಮ ಫಿಸಿಯೋಥೆರಪಿಸ್ಟ್ ಮುಚ್ಚುಮರೆಯಿಲ್ಲದೆ ಹೇಳಿದರು. ಆ ರಾತ್ರಿ ನಾನೂ ನನ್ನ ಪತ್ನಿಯೂ ನಿದ್ರಿಸಲಿಲ್ಲ. ಆದರೆ ಮರುವಾರ ಅವರು ನಮ್ಮನ್ನು ಬಿಟ್ಟು ಮಗನನ್ನೇ ಕೇಳಿದರು: “ನಿನಗೆ ಏನು ಮಾಡಬೇಕೆಂದು ಆಸೆ?”

ಅವನು ತಡವರಿಸುತ್ತಾ ಹೇಳಿದ: “ಮಸೀದಿಯಲ್ಲಿ ಅಜ್ಜನ ಪಕ್ಕದಲ್ಲಿ ನಿಲ್ಲಬೇಕು.”

ಅಲ್ಲಿಂದ ಚಿಕಿತ್ಸೆಯ ಸ್ವರೂಪವೇ ಬದಲಾಯಿತು. ಇತರರು ಮಗುವಿನ ಕೈಕಾಲುಗಳನ್ನು ಎಳೆದು ಬಿಡುವುದರಿಂದಲೋ ಎಣ್ಣೆ ತಿಕ್ಕುವುದರಿಂದಲೋ ಸಮತೋಲನ ಬರುವುದಿಲ್ಲ. ಎಣ್ಣೆ ತಿಕ್ಕಿದರೆ ಮಗುವಿಗೆ ಹಿತವೆನಿಸಬಹುದು, ಅಷ್ಟೇ. ಮಗು ತಾನೇ ಬಯಸಿದ ಕೆಲಸವನ್ನು ತಾನೇ ಮಾಡುತ್ತಾ, ದಿನವೂ ಹಲವು ಬಾರಿ ಪುನರಾವರ್ತಿಸಿದಾಗ ಮೆದುಳು ಕಲಿಯುತ್ತದೆ. ಆದ್ದರಿಂದ ನಿಲ್ಲುವ ಆಸೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಮಾಡಲಾಯಿತು. ಪಾದಗಳು ಪೂರ್ತಿ ನೆಲಕ್ಕೆ ತಾಗುವಂತೆ ಸ್ಟೂಲಿನ ಮೇಲೆ ಕುಳಿತು ಎಡಕ್ಕೂ ಬಲಕ್ಕೂ ಕೈಚಾಚಿ ಚೆಂಡು ಹಿಡಿಯುವುದು. ಕೈಯೂರದೆ ಸ್ಟೂಲಿನಿಂದ ಎದ್ದು, ಮತ್ತೆ ನಿಧಾನವಾಗಿ ಕುಳಿತುಕೊಳ್ಳುವುದು. ಒಂದು ಮೊಣಕಾಲನ್ನು ನೆಲಕ್ಕೂರಿ ಇನ್ನೊಂದು ಪಾದವನ್ನು ಮುಂದಿಟ್ಟು ಏಳುವುದು. ಎರಡು ಗೋಡೆಗಳು ಕೂಡುವ ಮೂಲೆಗೆ ಬೆನ್ನು ಮಾಡಿ, ಎದುರಿಗೆ ಕುರ್ಚಿಯಿಟ್ಟುಕೊಂಡು, ಹತ್ತರವರೆಗೆ ಎಣಿಸುತ್ತಾ ನಿಲ್ಲುವುದು. ಬಲ ಬಂದಂತೆ ಸ್ಟೂಲಿನ ಎತ್ತರ ಕಡಿಮೆಯಾಯಿತು, ಕುರ್ಚಿ ತುಸು ದೂರ ಸರಿಯಿತು.

ಇವುಗಳಲ್ಲಿ ಹೆತ್ತವರಿಗೆ ಅತಿ ಕಷ್ಟವಾದುದು ಸುಮ್ಮನೆ ನೋಡುತ್ತಾ ನಿಲ್ಲುವುದು. ಮಗು ಓಲಾಡಿದಾಗ ಕೈ ತಾನಾಗಿ ಮುಂದೆ ಹೋಗುತ್ತದೆ. ಆದರೆ ಓಲಾಡಿ ಮತ್ತೆ ನೆಟ್ಟಗಾಗುವ ಆ ಕ್ಷಣವೇ ಕಲಿಕೆಯ ಕ್ಷಣ. ನಾವು ಬೇಗ ಹಿಡಿದಷ್ಟೂ ಆ ಪಾಠ ಮಗುವಿನ ಕೈತಪ್ಪುತ್ತದೆ. ಬಿದ್ದರೆ ಹಿಡಿಯುವಷ್ಟು ಹತ್ತಿರವಿರಬೇಕು, ತಾನೇ ಸಾವರಿಸಿಕೊಳ್ಳುವಷ್ಟು ಬಿಟ್ಟಿರಬೇಕು. ತವಕ್ಕುಲ್ ಎಂಬ ಪದವನ್ನು ಎಷ್ಟೋ ಪ್ರವಚನಗಳಲ್ಲಿ ಕೇಳಿದ್ದೆ. ಪ್ರಯತ್ನವನ್ನು ಬಿಡದೆ ಫಲವನ್ನು ಅಲ್ಲಾಹನಿಗೆ ಒಪ್ಪಿಸುವುದೆಂಬ ಅದರ ಅರ್ಥ ಆ ಸ್ಟೂಲಿನ ಬಳಿ ನಿಂತಾಗ ನನ್ನ ಮೈಗೆ ಇಳಿಯಿತು.

ಈಗ ಅವನು ಯಾವುದನ್ನೂ ಹಿಡಿಯದೆ ಫಾತಿಹಾ ಮುಗಿಯುವವರೆಗೆ ನಿಲ್ಲಬಲ್ಲ. ಉಳಿದುದನ್ನು ಕುರ್ಚಿಯಲ್ಲಿ ಕುಳಿತು ಪೂರ್ತಿಗೊಳಿಸುತ್ತಾನೆ. ನಿಲ್ಲಲಾಗದವರು ಕುಳಿತು, ಅದೂ ಆಗದವರು ಮಲಗಿ ನಮಾಝ್ ನಿರ್ವಹಿಸಬಹುದೆಂದು ಪ್ರವಾದಿ(ಸ) ಅವರು ಇಮ್ರಾನ್ ಬಿನ್ ಹುಸೈನ್(ರ) ಅವರಿಗೆ ಕಲಿಸಿದ್ದು ಬುಖಾರಿಯಲ್ಲಿದೆ. ಹಾಗಾಗಿ ಮಗ ಕುಳಿತಾಗ ಅವನ ಆರಾಧನೆ ಕಿರಿದಾಯಿತೆಂದು ನಾನು ಭಾವಿಸುವುದಿಲ್ಲ. ವ್ಯಾಯಾಮದ ಗುರಿ ಅವನನ್ನು ಇತರರಂತೆ ಮಾಡುವುದಲ್ಲ. ಶೌಚಾಲಯಕ್ಕೆ ಹೋಗುವಾಗ, ವುಝೂ ಮಾಡುವಾಗ, ಶಾಲೆಯ ಬೆಂಚಿನಿಂದ ಏಳುವಾಗ ಅವನು ಪರರನ್ನು ಕಾಯಬೇಕಾದ ಸಂದರ್ಭಗಳನ್ನು ಕಡಿಮೆ ಮಾಡುವುದು.

ಇಂತಹ ಮಗುವಿರುವ ಸಹೋದರ ಸಹೋದರಿಯರಲ್ಲಿ ನನ್ನ ವಿನಂತಿಯಿಷ್ಟೆ. ಮಗುವನ್ನು ಮನೆಯೊಳಗೆ ಅಡಗಿಸಿಡಬೇಡಿ. ಪಕ್ಕದ ಮನೆಯವರ ಮಾತು ಕೇಳಿ ವ್ಯಾಯಾಮ ಆರಂಭಿಸಬೇಡಿ, ಮಗುವನ್ನು ಪರೀಕ್ಷಿಸಿದ ಫಿಸಿಯೋಥೆರಪಿಸ್ಟರಿಂದ ಕಲಿಯಿರಿ. ನೋವು ಕಂಡರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಸೊಂಟದ ಕೀಲು ಜಾರುವ ಸಾಧ್ಯತೆ ಇರುವುದರಿಂದ ವೈದ್ಯರು ಹೇಳಿದ ಕಾಲಕ್ಕೆ ಎಕ್ಸ್‌ರೇ ತೆಗೆಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಸೆರೆಬ್ರಲ್ ಪಾಲ್ಸಿ ಸೇರಿದೆ. ರಾಷ್ಟ್ರೀಯ ನ್ಯಾಸದ ‘ನಿರಾಮಯ’ ಆರೋಗ್ಯ ವಿಮೆಯಲ್ಲಿ ಥೆರಪಿಯ ವೆಚ್ಚಕ್ಕೂ ಅವಕಾಶವಿದೆ. ಅದನ್ನು ಕೇಳಿ ಪಡೆಯುವುದು ಭಿಕ್ಷೆಯಲ್ಲ, ಹಕ್ಕು.

ಮಸೀದಿಯ ಹೊಣೆ ಹೊತ್ತ ಹಿರಿಯರಲ್ಲೂ ಒಂದು ಮಾತು. ಮೆಟ್ಟಿಲಿನ ಬದಿಗೊಂದು ಹಿಡಿಕಂಬಿ, ವುಝೂ ಮಾಡುವಲ್ಲಿ ಜಾರದ ನೆಲ, ಸಫ್ಫಿನ ಅಂಚಿನಲ್ಲೊಂದು ಕುರ್ಚಿ. ಇವುಗಳಿಗೆ ದೊಡ್ಡ ಖರ್ಚಿಲ್ಲ. ಮರುಕದ ನೋಟಕ್ಕಿಂತ ನಮ್ಮ ಮಕ್ಕಳಿಗೆ ಬೇಕಾದುದು ನಿಲ್ಲಲು ಒಂದಿಷ್ಟು ಜಾಗ. ಅದನ್ನು ಒದಗಿಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ.